ಹಳೆ ದೋಣಿ ಎಂಜಿನ್: ಮೊದಲು ಥ್ರಾಟಲ್ ನೋಡಿ

ನಾಡದೋಣಿಗೆ ಹಳೆಯ ಔಟ್‌ಬೋರ್ಡ್ ಎಂಜಿನ್ ಕೊಂಡಿದ್ದೀರಾ? ಥ್ರಾಟಲ್ ತಿರುಗಿಸಿದರೂ ವೇಗ ಏರುತ್ತಿಲ್ಲವೇ? ಕಾರ್ಬೊರೇಟರ್ ಬಿಚ್ಚಲು ಆತುರಪಡಬೇಡಿ. ಸುಲಭದ್ದನ್ನು ಮೊದಲು ನೋಡಿ.

ಎಂಜಿನ್ ಆಫ್ ಮಾಡಿ, ಮೇಲಿನ ಮುಚ್ಚಳ ತೆಗೆಯಿರಿ. ಗೇರ್ ಮುಂದಕ್ಕೆ ಹಾಕಿ. ಬೀಳದಿದ್ದರೆ ಪ್ರೊಪೆಲ್ಲರನ್ನು ಕೈಯಿಂದ ತುಸು ತಿರುಗಿಸಿ. ನ್ಯೂಟ್ರಲ್‌ನಲ್ಲಿ ಎಷ್ಟೋ ಎಂಜಿನ್‌ಗಳ ಥ್ರಾಟಲ್ ಪೂರ್ತಿ ತೆರೆಯುವುದಿಲ್ಲ, ಅದು ದೋಷವಲ್ಲ. ಈಗ ಒಬ್ಬರು ಹಿಡಿಕೆ ತಿರುಗಿಸಲಿ, ನೀವು ಕಾರ್ಬೊರೇಟರಿನ ಥ್ರಾಟಲ್ ತಟ್ಟೆಯನ್ನು ಗಮನಿಸಿ. ಅದು ಪೂರ್ತಿ ತೆರೆದು, ತಡೆಯಿಲ್ಲದೆ ಮುಚ್ಚಬೇಕು. ಇಲ್ಲವಾದರೆ ಉಪ್ಪುನೀರಿಗೆ ತುಕ್ಕು ಹಿಡಿದ ಕೇಬಲ್ ಅಥವಾ ಸವೆದ ಜೋಡಣೆಯನ್ನು ಮೊದಲು ಸರಿಮಾಡಿಸಿ.

ತಟ್ಟೆ ಸರಿಯಿದ್ದರೆ ಇಂಧನದ ದಾರಿ ನೋಡಿ. ಟ್ಯಾಂಕ್ ಮುಚ್ಚಳದ ಗಾಳಿ ತಿರುಪು ತೆರೆದಿರಲಿ. ಓಡುವಾಗ ಎಂಜಿನ್ ಸೊರಗಿದರೆ ಪೈಪಿನ ರಬ್ಬರ್ ಬಲ್ಬ್ ಒತ್ತಿ. ಒತ್ತಿದೊಡನೆ ಚೇತರಿಸಿಕೊಂಡರೆ ತೊಂದರೆ ಪಂಪ್, ಫಿಲ್ಟರ್ ಅಥವಾ ಪೈಪಿನಲ್ಲಿರುತ್ತದೆ. ಬದಲಾಗದಿದ್ದರೆ ಎಂಜಿನ್ ನಿಲ್ಲಿಸಿ ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ. ಎರಡು ಸಿಲಿಂಡರಿನ ಎಂಜಿನ್ನಿನಲ್ಲಿ ಒಂದು ಒಣಗಿ ಕಂದಾಗಿದ್ದು ಇನ್ನೊಂದು ಒದ್ದೆಯಾಗಿದ್ದರೆ, ಒದ್ದೆ ಪ್ಲಗ್‌ನ ಸಿಲಿಂಡರ್ ಉರಿಯುತ್ತಿಲ್ಲ. ಎರಡೂ ಸರಿಯಿದ್ದರೆ ಆಗ ಕಾರ್ಬೊರೇಟರ್ ಜೆಟ್ ಶುಚಿ ಮಾಡಿಸಿ. ಸದ್ದು ಏರಿಯೂ ದೋಣಿ ಮುಂದೆ ಸಾಗದಿದ್ದರೆ ಪ್ರೊಪೆಲ್ಲರ್ ಒಳಗಿನ ರಬ್ಬರ್ ಬುಷ್ ಜಾರುತ್ತಿರಬಹುದು.

ದಡದಲ್ಲಿ ನೀರಿಲ್ಲದೆ ಓಡಿಸಬೇಡಿ. ಎಂಜಿನ್ ತಂಪಾಗಿಸುವ ನೀರಿನ ಪಂಪಿನ ರಬ್ಬರ್ ಇಂಪೆಲ್ಲರ್ ಬಹುಬೇಗ ಹಾಳಾಗುತ್ತದೆ. ಪರೀಕ್ಷೆಗೆ ನೀರಿಗಿಳಿಸುವಾಗ ಲೈಫ್ ಜಾಕೆಟ್ ತೊಡಿ, ಸ್ಟಾಪ್ ಸ್ವಿಚ್ಚಿನ ಹಗ್ಗ ಮಣಿಕಟ್ಟಿಗೆ ಕಟ್ಟಿಕೊಳ್ಳಿ. ಥ್ರಾಟಲ್ ಕೈಕೊಡುವ ಎಂಜಿನ್ ನಂಬಿ ಗಂಗೊಳ್ಳಿಯಂಥ ಅಳಿವೆ ದಾಟುವ ಸಾಹಸ ಮಾತ್ರ ಬೇಡ.