ಡಬ್ಬಿ ಕೊಳ್ಳೋ ಮುಂಚೆ ಬ್ಯಾಟರಿ ಎಣಿಸು

ಮಗಾ, ಫೋನಿನಲ್ಲಿ ಬ್ಯಾಟರಿ ಸತ್ತಾಗ ಗಾಡಿ ಎಬ್ಬಿಸೋ ಜಂಪ್ ಸ್ಟಾರ್ಟರ್ ಡಬ್ಬಿಯ ಚಿತ್ರ ತೋರಿಸಿ ‘2000 ಆಂಪ್ಸ್ ತಾತಾ, ಎಂಥ ಲಾರಿನಾದ್ರೂ ಎಬ್ಬಿಸುತ್ತೆ’ ಅಂತ ಕುಣೀಬೇಡ. ಸ್ಟೇರಿಂಗ್ ಮೇಲೆ ನಿನ್ನ ಕೈ ಚೆನ್ನಾಗಿ ಕೂತಿದೆ, ಒಪ್ಪಿದೆ. ಹಿಡಿತ ಇಲ್ಲದಿರೋದು ದುಡ್ಡು ಕಟ್ಟೋ ಗುಂಡಿ ಒತ್ತುವ ಬೆರಳಿಗೆ. ಜೀನ್ಸ್ ಹೊಲಿಯೋ ರಾಯದುರ್ಗದಲ್ಲಿ ಹುಟ್ಟಿದವನು ಅಳತೆ ತಗೊಳ್ಳದೆ ಕತ್ತರಿ ಹಾಕ್ತಾನೇನೋ?

ಮೊದಲು ಹೋಗಿ ಚಾಸಿ ಪಕ್ಕದ ಬ್ಯಾಟರಿ ಪೆಟ್ಟಿಗೆ ತೆಗೆ. ಒಂದೇ ಬ್ಯಾಟರಿ ಇದ್ದರೆ ಗಾಡಿ 12 ವೋಲ್ಟಿನದು. ಎರಡಿದ್ದು, ಒಂದರ ಪ್ಲಸ್ಸಿನಿಂದ ಇನ್ನೊಂದರ ಮೈನಸ್ಸಿಗೆ ಕೇಬಲ್ ಹೋಗಿದ್ದರೆ 24. ಪಿಕಪ್ಪುಗಳೆಲ್ಲ ಸಾಮಾನ್ಯವಾಗಿ 12, ಹತ್ತು ಚಕ್ರದ ಲಾರಿ 24. ನಡುಗಾತ್ರದ ಗಾಡಿಗಳಲ್ಲಿ ಎರಡೂ ಉಂಟು, ಅದಕ್ಕೇ ಕಣ್ಣಾರೆ ನೋಡು ಅಂದಿದ್ದು. 12ರ ಡಬ್ಬಿಯನ್ನು 24ರ ಲಾರಿಗೆ ಹಾಕಿದರೆ ಸೆಲ್ಫ್ ಎತ್ತಲ್ಲ, ಡಬ್ಬಿಯೇ ಸುಟ್ಟರೂ ಸುಟ್ಟಿತು. 24 ತಂದು 12ರ ಗಾಡಿಗೆ ಕೊಟ್ಟೆಯೋ, ಅದರ ಕಂಪ್ಯೂಟರಿಗೆ ಕೈ ಮುಗಿ. ಎರಡಕ್ಕೂ ಸ್ವಿಚ್ ಇರೋ ಡಬ್ಬಿಗಳೂ ಬರ್ತವೆ. ನಿನ್ನ ಆತುರಕ್ಕೆ ಆ ಸ್ವಿಚ್ಚೇ ಅಪಾಯ; ಕ್ಲಿಪ್ ಹಾಕೋ ಮುಂಚೆ ಎರಡು ಸಲ ನೋಡು.

ಇನ್ನು ಆ 2000. ಅದು ‘ಪೀಕ್’ ಲೆಕ್ಕ, ಕಣ್ಣು ಮಿಟುಕಿಸೋಷ್ಟು ಹೊತ್ತಿನದು. ಸೆಲ್ಫ್ ತಿರುಗುವಷ್ಟು ಹೊತ್ತೂ ಎಷ್ಟು ಆಂಪ್ಸ್ ಕೊಡುತ್ತೆ ಅಂತ ಕೇಳು. ಡೀಸೆಲ್ ಇಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ; ಗಾಳಿಯನ್ನ ಅದುಮಿ ಅದುಮಿ ಕಾಯಿಸಿಯೇ ಹೊತ್ತಿಸಬೇಕು, ಅದಕ್ಕೆ ಸೆಲ್ಫಿಗೆ ದಮ್ಮು ಬೇಕು. ಎಷ್ಟು ಲೀಟರಿನ ಡೀಸೆಲ್ ಇಂಜಿನ್‌ವರೆಗೆ ಆಗುತ್ತೆ ಅಂತ ಡಬ್ಬಿ ಮೇಲೆ ಬರೆದಿರ್ತಾರೆ. ನಿನ್ನ ಇಂಜಿನ್‌ಗಿಂತ ಒಂದು ಮೆಟ್ಟಿಲು ಮೇಲಿನದು ತಗೋ. 20,000 ಎಂಎಎಚ್ ಅಂತ ಬರೆದಿದ್ದರೂ ಹಿಗ್ಗಬೇಡ. 3.7 ವೋಲ್ಟಿನ ಲೆಕ್ಕದಲ್ಲಿ ಅದು 74 ವ್ಯಾಟ್ ಅವರ್, ಅಷ್ಟೆ. 12 ವೋಲ್ಟ್, 100 ಎಎಚ್ ಬ್ಯಾಟರಿ ಒಂದರಲ್ಲೇ 1200 ಇರುತ್ತೆ.

ಹಾಗಂತ ಕೊಳ್ಳಬೇಡ ಅನ್ನಲ್ಲ. ನಮ್ಮ ಕಾಲದಲ್ಲಿ ಹತ್ತು ಜನ ಸೇರಿ ತಳ್ಳಿ, ಸೆಕೆಂಡ್ ಗೇರಲ್ಲಿ ಕ್ಲಚ್ ಬಿಟ್ಟರೆ ಲಾರಿ ಕೆಮ್ಮಿಕೊಂಡು ಏಳ್ತಿತ್ತು. 2020ರ ಏಪ್ರಿಲಿನಿಂದ ಬಂದ ಬಿಎಸ್-6 ಗಾಡಿಗಳಲ್ಲಿ ಡೀಸೆಲ್ ಬಿಡೋದು ಕಂಪ್ಯೂಟರು. ಬ್ಯಾಟರಿ ಪೂರ್ತಿ ಸತ್ತರೆ ತಳ್ಳಿದವರಿಗೆ ಬೆವರೇ ಲಾಭ.

ನಮ್ಮ ಸೀಮೆ ಬಿಸಿಲನ್ನೂ ಲೆಕ್ಕಕ್ಕೆ ತಗೋ. ಲಿಥಿಯಂ ಡಬ್ಬಿಯನ್ನ ಮೇ ತಿಂಗಳಲ್ಲಿ ಡ್ಯಾಶ್‌ಬೋರ್ಡ್ ಮೇಲಿಟ್ಟು ಊಟಕ್ಕೆ ಹೋದರೆ ಅದು ಊದಿಕೊಳ್ಳುತ್ತೆ, ಹತ್ತಿಕೊಂಡರೂ ಆಶ್ಚರ್ಯವಿಲ್ಲ. ಲಿಥಿಯಂ ಬದಲು ಕ್ಯಾಪಾಸಿಟರ್ ಇರೋ ಡಬ್ಬಿ ಬಿಸಿಲು ತಡೆಯುತ್ತೆ, ತಿಂಗಳುಗಟ್ಟಲೆ ಚಾರ್ಜ್ ಮಾಡದಿದ್ದರೂ ಮುನಿಸಿಲ್ಲ. ನಿನ್ನ ಸೋತ ಬ್ಯಾಟರಿಯಲ್ಲಿ ಉಳಿದದ್ದನ್ನೇ ಹೀರಿ ಒಮ್ಮೆಗೇ ಕೊಡುತ್ತೆ. ಬೆಲೆ ಜಾಸ್ತಿ. ಚಾರ್ಜ್ ಮಾಡೋದನ್ನ ಮರೆಯೋ ನಿನ್ನಂಥವನಿಗೆ ನಾನು ಅದನ್ನೇ ಹೇಳೋದು.

ಕೆಂಪು ಕ್ಲಿಪ್ ಮೊದಲು, ಪ್ಲಸ್ಸಿಗೆ. ಕಪ್ಪನ್ನ ಬ್ಯಾಟರಿಯಿಂದ ದೂರ, ಬಣ್ಣವಿಲ್ಲದ ಕಬ್ಬಿಣಕ್ಕೆ ಹಾಕು. ಬ್ಯಾಟರಿ ಬಿಡೋ ಗ್ಯಾಸಿಗೆ ಒಂದು ಕಿಡಿ ಸಾಕು. ಹತ್ತು ಸೆಕೆಂಡಿಗಿಂತ ಜಾಸ್ತಿ ಸೆಲ್ಫ್ ಹೊಡೀಬೇಡ, ನಡುವೆ ಬಿಡುವು ಕೊಡು.

ಮುಖ್ಯ ಮಾತು ಕೇಳು. ಮಡಕಶಿರಾದಲ್ಲಿ ರಾತ್ರಿ ಹಾಲ್ಟ್ ಮಾಡಿ, ಇಂಜಿನ್ ಆಫ್ ಇಟ್ಟು ಬೆಳಗಿನವರೆಗೂ ಹಾಡು, ಫ್ಯಾನು, ಕ್ಯಾಬಿನ್ ತುಂಬ ಮದುವೆಮನೆ ಲೈಟು. ಬೆಳಗ್ಗೆ ಬ್ಯಾಟರಿಗೆ ಬೈಗುಳ! ನಿಂತ ಗಾಡಿಯಲ್ಲಿ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ, 12ಕ್ಕೆ ಇಳಿದರೆ ಹೆಚ್ಚುಕಡಿಮೆ ಖಾಲಿ. ಮೀಟರ್ ಒಂದು ಇಟ್ಟುಕೋ. ಟರ್ಮಿನಲ್ ಮೇಲೆ ಬಿಳಿ ಪುಡಿ ಕಂಡರೆ ಕೇಬಲ್ ಬಿಚ್ಚಿ ಬಿಸಿನೀರಲ್ಲಿ ತೊಳೆದು ಬಿಗಿ ಮಾಡು. ಎಷ್ಟೋ ‘ಸತ್ತ’ ಬ್ಯಾಟರಿ ಅಷ್ಟಕ್ಕೇ ಬದುಕಿದ್ದಾವೆ.

1953ರ ಅಕ್ಟೋಬರ್ 1ಕ್ಕೆ ರಾಯದುರ್ಗ ಬಳ್ಳಾರಿ ಜಿಲ್ಲೆ ಬಿಟ್ಟು ಆಂಧ್ರಕ್ಕೆ ಸೇರಿತು; ಲಾರಿ ಸಾಮಾನಿಗೆ ನಾನಂತೂ ಇವತ್ತಿಗೂ ಬಳ್ಳಾರಿಗೇ ಹೋಗೋನು. ನೀನೂ ಅಲ್ಲಿಗೇ ನಡಿ, ಲಾರಿ ತಗೊಂಡೇ. ಅಂಗಡಿಯವನು ನಿನ್ನ ಇಂಜಿನ್‌ನ ಲೀಟರ್ ಕೇಳಿ, ಬಿಲ್ಲು ವಾರಂಟಿ ಬರೆದುಕೊಟ್ಟರೆ ಮಾತ್ರ ಜೇಬಿಗೆ ಕೈ ಹಾಕು.