ನಿಂತೊಡನೆ ಏರುವ ಒತ್ತಡ

ಮಲಗಿದ್ದವರು ಥಟ್ಟನೆ ಎದ್ದು ನಿಂತಾಗ ರಕ್ತದೊತ್ತಡ ಇಳಿದು ಕಣ್ಣಿಗೆ ಕತ್ತಲೆ ಕವಿಯುವುದುಂಟೆಂಬುದನ್ನು ಬಲ್ಲವರು ಬಹು ಮಂದಿ. ಆದರೆ ಅದೇ ಎದ್ದು ನಿಲ್ಲುವ ಕ್ರಿಯೆಯಲ್ಲಿ ಒತ್ತಡವು ಇಳಿಯುವುದಕ್ಕೆ ಬದಲಾಗಿ ಏರುವ ದೇಹಪ್ರಕೃತಿಯೂ ಉಂಟೆಂಬುದು, ಸಕ್ಕರೆ ಕಾಯಿಲೆಯೊಡನೆ ಬಹುಕಾಲ ಬಾಳಿದ ಮೇಲೆ, ನನ್ನ ಶರೀರದ ಮೂಲಕವೇ ನನಗೆ ತಿಳಿದುಬಂದಿತು. ಕುಳಿತಿದ್ದಾಗ ಸ್ವಸ್ಥನಾಗಿರುವ ಮನುಷ್ಯನು, ಬ್ಯಾಂಕಿನ ಸಾಲಿನಲ್ಲಿಯೋ ದೇವಸ್ಥಾನದ ಮಂಗಳಾರತಿಯ ವೇಳೆಯಲ್ಲಿಯೋ ಸ್ವಲ್ಪ ಹೊತ್ತು ನಿಂತ ಮಾತ್ರಕ್ಕೆ, ಹಿಂದಲೆ ಭಾರವಾಗಿ, ಮುಖ ಬಿಸಿಯೇರಿ, ಎದೆ ಡವಡವನೆ ಹೊಡೆದುಕೊಂಡು, ಕಾರಣ ತೋರದ ಒಂದು ಕಳವಳಕ್ಕೆ ಈಡಾಗುವುದನ್ನು ಪಕ್ಕದಲ್ಲಿ ನಿಂತವರು ಗುರುತಿಸಲಾರರು. ಗುರುತಿಸಿದರೂ ವಯೋಧರ್ಮವೆಂದೋ ಮನಸ್ಸಿನ ಅಧೈರ್ಯವೆಂದೋ ಬಗೆದಾರು. ಆಸ್ಪತ್ರೆಗೆ ಹೋದಾಗಲೆಲ್ಲ ನನ್ನನ್ನು ಕುರ್ಚಿಯ ಮೇಲೆ ಕೂರಿಸಿ, ತೋಳಿಗೆ ಪಟ್ಟಿ ಸುತ್ತಿ ನೋಡಿ, 'ಬಿ.ಪಿ. ಸರಿಯಾಗಿದೆ' ಎಂದು ಕಳುಹಿಸುತ್ತಿದ್ದರು. ಅವರು ಹೇಳಿದ್ದು ಸುಳ್ಳಲ್ಲ, ಕುಳಿತಿದ್ದವನ ಬಿ.ಪಿ. ಸರಿಯಾಗಿಯೇ ಇದ್ದಿತು.

ನಿಲ್ಲಿಸಿ ಅಳೆಯಬೇಕೆಂಬುದು ಹೊಳೆದದ್ದು, ಹಿಂದೆ ನನ್ನ ತರಗತಿಯಲ್ಲಿ ಓದಿ ಈಗ ವೈದ್ಯನಾಗಿರುವ ಒಬ್ಬ ತರುಣನಿಗೆ. 'ಮೇಷ್ಟ್ರೇ, ನಿಂತಾಗ ಬರೋ ತೊಂದರೆ ಕೂರಿಸಿ ನೋಡಿದರೆ ಹೇಗೆ ಗೊತ್ತಾಗಬೇಕು?' ಎಂದು, ಮಂಚದ ಮೇಲೆ ಐದು ನಿಮಿಷ ಮಲಗಿಸಿ ಒಮ್ಮೆ, ನಿಲ್ಲಿಸಿ ಒಂದು ನಿಮಿಷಕ್ಕೆ ಇನ್ನೊಮ್ಮೆ, ಮೂರು ನಿಮಿಷಕ್ಕೆ ಮತ್ತೊಮ್ಮೆ ಅಳೆದನು. ಮಲಗಿದ್ದಾಗ 126 ಇದ್ದ ಮೇಲಿನ ಅಂಕ ಕಡೆಯ ಸಲಕ್ಕೆ 158 ಆಗಿದ್ದಿತು. ನಿಂತಾಗ ಆ ಮೇಲಿನ ಒತ್ತಡವು 20 ಮಿಲಿಮೀಟರಿನಷ್ಟಾದರೂ ಏರಿ, 140ನ್ನು ಮುಟ್ಟಿದರೆ ಅಥವಾ ದಾಟಿದರೆ, ಅದನ್ನು ನಿಂತಾಗಿನ ಅಧಿಕ ರಕ್ತದೊತ್ತಡವೆಂದು ಗಣಿಸತಕ್ಕದ್ದೆಂದು ಅಮೆರಿಕದ ಮತ್ತು ಜಪಾನಿನ ತಜ್ಞಸಂಘಗಳು ಈಚಿನ ವರ್ಷಗಳಲ್ಲಿ ಒಪ್ಪಿಕೊಂಡಿವೆ.

ಇದು ಆಗುವ ಬಗೆಯನ್ನು ಅರಿತದ್ದರಿಂದ ನನ್ನ ಭಯ ಅರ್ಧದಷ್ಟು ಕಡಮೆಯಾಯಿತೆಂದೇ ಹೇಳಬೇಕು. ನಾವು ಎದ್ದು ನಿಂತ ಕ್ಷಣದಲ್ಲಿ ಸುಮಾರು ಅರ್ಧ ಲೀಟರಿನಿಂದ ಮುಕ್ಕಾಲು ಲೀಟರಿನವರೆಗೆ ರಕ್ತವು ಭೂಮಿಯ ಸೆಳೆತಕ್ಕೆ ಸಿಕ್ಕಿ ಕಾಲುಗಳಿಗೂ ಹೊಟ್ಟೆಯ ಕೆಳಭಾಗಕ್ಕೂ ಇಳಿಯುತ್ತದೆ. ಹೃದಯಕ್ಕೆ ಮರಳುವ ರಕ್ತ ಕಡಮೆಯಾದುದನ್ನು ಕೊರಳಿನ ಧಮನಿಯಲ್ಲಿಯೂ ಎದೆಯ ಮಹಾಧಮನಿಯ ಕಮಾನಿನಲ್ಲಿಯೂ ಇರುವ ನರತುದಿಗಳು ಅರಿತು ಮಿದುಳಿಗೆ ತಿಳಿಸಲಾಗಿ, ನಮ್ಮ ಇಚ್ಛೆಗೆ ಒಳಪಡದ ನರಗಳು ರಕ್ತನಾಳಗಳನ್ನು ಬಿಗಿಗೊಳಿಸಿ, ನಾಡಿಯ ವೇಗವನ್ನು ತುಸು ಹೆಚ್ಚಿಸಿ ಸಮತೋಲವನ್ನು ಕಾಯುತ್ತವೆ. ಆರೋಗ್ಯವಂತರಲ್ಲಿ ಈ ಕಾರ್ಯವು ಅವರಿಗೆ ತಿಳಿಯದಂತೆಯೇ ನಡೆದುಹೋಗುತ್ತದೆ. ದೀರ್ಘಕಾಲದ ಸಕ್ಕರೆ ಕಾಯಿಲೆಯಿಂದ ನರಗಳು ನೊಂದಿರುವಲ್ಲಿ, ಇಲ್ಲವೆ ಕಾಲಿಗಿಳಿಯುವ ರಕ್ತ ಮಿತಿಮೀರಿದಲ್ಲಿ, ಪ್ರತಿಕ್ರಿಯೆಯು ಅಳತೆ ತಪ್ಪಿ ಬೇಕಾದುದಕ್ಕಿಂತ ಹೆಚ್ಚಾಗುವುದುಂಟು. ಅಮೆರಿಕದ ಡೇವಿಡ್ ಸ್ಟ್ರೀಟನ್ ಎಂಬ ವೈದ್ಯರೂ ಅವರ ಸಂಗಡಿಗರೂ 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಥ ರೋಗಿಗಳ ಸೊಂಟದ ಕೆಳಗೆ ಗಾಳಿ ತುಂಬಿದ ಉಡುಪಿನಿಂದ ಒತ್ತು ಕೊಟ್ಟಾಗ ನಿಂತಾಗಿನ ಏರಿಕೆ ತಗ್ಗಿತೆಂದು ತೋರಿಸಿದರು. ಹೃದಯದ ಎಡಗೋಡೆ ದಪ್ಪವಾಗುವುದಕ್ಕೂ ಮಿದುಳಿನ ಸಣ್ಣ ರಕ್ತನಾಳಗಳ ಹಾನಿಗೂ ಈ ಏರಿಕೆಯ ಸಂಬಂಧ ಕಂಡುಬಂದಿರುವುದರಿಂದ ಇದನ್ನು ಉಪೇಕ್ಷಿಸತಕ್ಕದ್ದಲ್ಲ.

ಮನೆಯಲ್ಲಿ ಅಳೆಯುವ ಕ್ರಮವನ್ನು ಕುರಿತು ಕೊಂಚ ವಿಸ್ತಾರವಾಗಿಯೇ ಹೇಳಬೇಕೆನ್ನಿಸುತ್ತದೆ. ಏಕೆಂದರೆ ಇಲ್ಲದ ಏರಿಕೆಯನ್ನು ಇದೆಯೆಂದು ತೋರಿಸುವ ಸಂದರ್ಭ ಇದರಲ್ಲಿ ಬಹಳ. ಪಟ್ಟಿ ಸುತ್ತಿದ ತೋಳು ಹೃದಯದ ಮಟ್ಟಕ್ಕಿಂತ ಹತ್ತು ಸೆಂಟಿಮೀಟರು ಕೆಳಗಿದ್ದರೆ ಯಂತ್ರವು ಏಳೆಂಟು ಮಿಲಿಮೀಟರಿನಷ್ಟು ಹೆಚ್ಚಾಗಿ ತೋರಿಸುತ್ತದೆ. ನಿಂತವರು ಕೈಯನ್ನು ಸುಮ್ಮನೆ ಇಳಿಬಿಟ್ಟರೆ ಏರಿಕೆ ಕಂಡುಬರುವುದರಲ್ಲಿ ಆಶ್ಚರ್ಯವೇನು? ನಮ್ಮ ಮನೆಯಲ್ಲಿ ಬಟ್ಟೆಯ ಬೀರುವಿನ ಮಧ್ಯದ ಅರೆ ನನ್ನ ಎದೆಯ ಎತ್ತರಕ್ಕೆ ಸರಿಯಾಗಿರುವುದರಿಂದ, ಬೆಳಗ್ಗೆ ಕಾಫಿಗೂ ಮಾತ್ರೆಗೂ ಮೊದಲು, ಮೂತ್ರವಿಸರ್ಜನೆ ಮುಗಿಸಿ ಬಂದು ಮಲಗಿದ್ದು, ಎದ್ದು ಆ ಅರೆಯ ಮೇಲೆ ಮಡಿಸಿಟ್ಟ ಪಂಚೆಯ ಮೇಲೆ ಮುಂಗೈ ಒರಗಿಸಿ ನಿಲ್ಲುತ್ತೇನೆ. ಸೊಸೆ ಗಡಿಯಾರ ನೋಡುತ್ತಾಳೆ. 'ಮಾತಾಡಬೇಡಿ ಮಾವ' ಎಂದು ಅವಳು ಎಚ್ಚರಿಸುವುದು ಸರಿಯೇ, ಮಾತನಾಡಿದರೂ ಅಂಕ ಏರುತ್ತದೆ. ಮಲಗಿದ್ದಾಗಿನದು, ನಿಂತಾಗಿನದು, ನಾಡಿಬಡಿತ, ಈ ಮೂರನ್ನೂ ಅವಳು ಕ್ಯಾಲೆಂಡರಿನ ಆಯಾ ದಿನದ ಮನೆಯಲ್ಲಿ ಪೆನ್ಸಿಲಿನಿಂದ ಬರೆದಿಡುತ್ತಾಳೆ. ವೈದ್ಯರ ಮುಂದೆ ಆ ಹಾಳೆ ನಾನು ಬಾಯಿಯಲ್ಲಿ ಹೇಳುವ ಎಲ್ಲ ವರ್ಣನೆಗಿಂತಲೂ ಹೆಚ್ಚು ಪ್ರಯೋಜನಕ್ಕೆ ಬಂದಿದೆ.

ಚಿಕಿತ್ಸೆಯ ವಿಷಯದಲ್ಲಿ ಎಲ್ಲರೂ ಒಪ್ಪಿದ ಒಂದು ಕ್ರಮ ಇನ್ನೂ ನೆಲೆಗೊಂಡಿಲ್ಲ. ನಿಂತಾಗಿನ ಅಂಕವೊಂದನ್ನೇ ಹಿಡಿದು ಮಾತ್ರೆಯನ್ನು ಹೆಚ್ಚಿಸಿದರೆ ರಾತ್ರಿ ಮಲಗಿದಾಗ ಒತ್ತಡ ತೀರ ಇಳಿಯಬಹುದಾದ್ದರಿಂದ, ಯಾವ ಮಾತ್ರೆ, ಯಾವ ಹೊತ್ತಿಗೆ ಎಂಬ ನಿರ್ಣಯವೆಲ್ಲ ವೈದ್ಯರದೇ ಆಗತಕ್ಕದ್ದು. ಉಪ್ಪಿನ ವಿಚಾರವೂ ಇಂಥದೇ ಸೂಕ್ಷ್ಮ. ನಿಂತಾಗ ಒತ್ತಡ ಕುಸಿಯುವವರಿಗೆ ಉಪ್ಪನ್ನು ಹೆಚ್ಚಾಗಿ ತಿನ್ನಲು ಹೇಳುವುದುಂಟು. ಆ ಮಾತನ್ನು ಕೇಳಿದ ಬಂಧುವೊಬ್ಬರು ನನಗೂ ಉಪ್ಪು ಬೆರಸಿದ ನಿಂಬೆಹಣ್ಣಿನ ಪಾನಕವನ್ನು ಅತ್ಯಂತ ವಿಶ್ವಾಸದಿಂದ ಸಲಹೆ ಮಾಡಿದರು. ನನ್ನ ಸ್ಥಿತಿ ಅದಕ್ಕೆ ವಿರುದ್ಧವಾದುದು. ದಿನಕ್ಕೆ ಐದು ಗ್ರಾಮಿಗಿಂತ ಕಡಮೆ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೇ ನನಗೆ ವಿಧಿಸಿದ ಮಿತಿ. ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿಗಳನ್ನು ಎಲೆಯ ಮೇಲಿಂದ ದೂರವಿರಿಸಿದ್ದೇನೆ. ನೀರನ್ನು ಮಾತ್ರ ಕಡಮೆಮಾಡಿಲ್ಲ, ಶರೀರದಲ್ಲಿ ದ್ರವ ಕುಗ್ಗಿದಾಗ ನರಗಳ ಉದ್ವೇಗ ಇನ್ನೂ ಹೆಚ್ಚುವುದರಿಂದ.

ಇದಲ್ಲದೆ ನಿಲ್ಲುವ ರೀತಿಯನ್ನೇ ಅಭ್ಯಾಸ ಮಾಡಿಕೊಳ್ಳಬೇಕಾಯಿತು. ಹಾಸಿಗೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತು ಅನಂತರ ಏಳುವುದು. ನಿಲ್ಲಲೇಬೇಕಾದಲ್ಲಿ ಸ್ತಬ್ಧವಾಗಿ ನಿಲ್ಲದೆ ಹಿಮ್ಮಡಿಗಳನ್ನು ಎತ್ತಿ ಇಳಿಸುತ್ತ ಮೀನಖಂಡಗಳನ್ನು ಬಿಗಿಹಿಡಿದು ಸಡಿಲಿಸುವುದು. ಬಿಗಿಯಾದ ಕಾಲುಚೀಲ ತೊಡುವುದು. ಈ ಕಾಲುಚೀಲದ ವಿಷಯದಲ್ಲಿ ಸಕ್ಕರೆ ಕಾಯಿಲೆಯವರು ವಿಶೇಷ ಎಚ್ಚರಿಕೆ ವಹಿಸಬೇಕು: ಪಾದಗಳಿಗೆ ಸ್ಪರ್ಶಜ್ಞಾನ ಕುಂದಿ ರಕ್ತಸಂಚಾರವೂ ಕಡಮೆಯಾಗಿರುವವರಿಗೆ ಅದೇ ಅಪಾಯಕಾರಿಯಾಗಬಹುದಾದ್ದರಿಂದ, ಪಾದಗಳನ್ನು ಪರೀಕ್ಷೆ ಮಾಡಿಸದೆ ಅಂಗಡಿಯಿಂದ ತಂದು ತೊಡಬಾರದು. ಮದುವೆಮನೆಗಳಲ್ಲಿ ಪಂಕ್ತಿಗೆ ಬಡಿಸುವ ಕೆಲಸವನ್ನು ಕಿರಿಯರಿಗೆ ಒಪ್ಪಿಸಿದ್ದೇನೆ. ಅದು ನನಗೆ ಬಹಳ ಪ್ರಿಯವಾಗಿದ್ದ ಕೆಲಸವೆಂಬುದನ್ನು ಮರೆಮಾಚಲಾರೆ. ಆದರೂ ನಡೆದಾಡುವುದು ನಿಂತಿಲ್ಲ. ನಡೆಯುವಾಗ ಕಾಲಿನ ಸ್ನಾಯುಗಳೇ ರಕ್ತವನ್ನು ಮೇಲಕ್ಕೆ ನೂಕುವುದರಿಂದ, ಒಂದೇ ಕಡೆ ನಿಂತಿರುವುದಕ್ಕಿಂತ ನಡೆಯುವುದು ನನಗೆ ಸುಖಕರವಾಗಿದೆ.

ಸಕ್ಕರೆ ಕಾಯಿಲೆಯಾಗಲಿ ಅಧಿಕ ರಕ್ತದೊತ್ತಡವಾಗಲಿ ಬಹುಕಾಲದಿಂದ ಇರುವವರು, ನಿಂತಾಗ ಮಾತ್ರ ತಲೆಭಾರ ಎದೆಬಡಿತಗಳನ್ನು ಅನುಭವಿಸುತ್ತಿದ್ದರೆ, ಮುಂದಿನ ಸಲ ವೈದ್ಯರಲ್ಲಿಗೆ ಹೋದಾಗ ನಿಲ್ಲಿಸಿಯೂ ಒಮ್ಮೆ ಬಿ.ಪಿ. ನೋಡಿರೆಂದು ಸಂಕೋಚವಿಲ್ಲದೆ ಕೇಳಿಕೊಳ್ಳಿರಿ. ಅದಕ್ಕೆ ಬೇರೆ ಯಂತ್ರ ಬೇಕಾಗಿಲ್ಲ, ಹತ್ತು ನಿಮಿಷವೂ ಹಿಡಿಯುವುದಿಲ್ಲ.