ಸಭೆ ಬಿಟ್ಟ ಮೇಲೆ

ಮಗಾ, ನೀನು ಸಭೆಗೆ ಹೋಗುವುದನ್ನು ನಿಲ್ಲಿಸಿದೆ ಅಂತ ನಿಮ್ಮಮ್ಮ ಫೋನಿನಲ್ಲಿ ಅತ್ತಳು. ನಿನ್ನನ್ನು ವಾಪಸ್ ಕರೆಯಲು ನಾನು ಬರೆಯುತ್ತಿಲ್ಲ. ಹುಡುಗರ ಮೇಲೆ ಮನಸ್ಸಾಗುತ್ತದೆ ಎಂದದ್ದಕ್ಕೆ ನಿನ್ನನ್ನು ಎಲ್ಲರೆದುರು ಮಂಡಿಯೂರಿಸಿ, ತಲೆ ಮೇಲೆ ಕೈಯಿಟ್ಟು, ದುರಾತ್ಮವೇ ತೊಲಗು ಎಂದು ಕೂಗಿದ ಜಾಗಕ್ಕೆ ನೀನು ತಿರುಗಿ ಹೋಗಬೇಕಿಲ್ಲ.

ಇನ್ನೊಂದು ಉಪವಾಸ ಪ್ರಾರ್ಥನೆ ಮಾಡಿದರೆ ಸರಿಹೋಗುತ್ತದೆ ಅಂತ ಯಾರಾದರೂ ಕರೆದರೆ ಒಪ್ಪಬೇಡ. ಅಮೆರಿಕದ ಎಕ್ಸೋಡಸ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆ 1976ರಿಂದ ಇದೇ ಕೆಲಸ ಮಾಡುತ್ತಿತ್ತು. ತಾವು ಕಂಡವರಲ್ಲಿ ಶೇ 99.9 ಮಂದಿಯ ಆಕರ್ಷಣೆ ಬದಲಾಗಿಲ್ಲ ಎಂದು ಅದರ ಅಧ್ಯಕ್ಷ ಅಲನ್ ಚೇಂಬರ್ಸ್ ಅವರೇ 2012ರಲ್ಲಿ ಒಪ್ಪಿಕೊಂಡರು. ಮರುವರ್ಷ ಕ್ಷಮೆ ಕೇಳಿ ಸಂಸ್ಥೆಯನ್ನೇ ಮುಚ್ಚಿದರು. ಡಾಕ್ಟರ ಹತ್ತಿರ ಹೋಗೋಣ ಎಂದರೂ ಬೇಡ ಅನ್ನು. ಇಂಥ ಚಿಕಿತ್ಸೆ ಕೊಡುವುದು ವೃತ್ತಿ ದುರ್ನಡತೆ ಎಂದು ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ.

ಸತ್ಯವೇದ ಕೈಗೆತ್ತಿಕೊಳ್ಳಲು ಈಗ ನಿನಗೆ ಭಯವಾಗುತ್ತಿರಬಹುದು. ಮುಚ್ಚಿಡು, ಅವಸರವಿಲ್ಲ. ಎಂದಾದರೂ ಓದಬೇಕು ಅನ್ನಿಸಿದರೆ ಅಪೊಸ್ತಲರ ಕೃತ್ಯಗಳು 8ನೇ ಅಧ್ಯಾಯ ತೆಗೆ. ಐಥಿಯೋಪ್ಯದ ಕಂಚುಕಿ ಯೆರೂಸಲೇಮಿನಲ್ಲಿ ಆರಾಧನೆ ಮುಗಿಸಿ ಊರಿಗೆ ಮರಳುತ್ತಿದ್ದಾನೆ, ರಥದಲ್ಲಿ ಕೂತು ಯೆಶಾಯನನ್ನು ಓದುತ್ತಿದ್ದಾನೆ. ಧರ್ಮೋಪದೇಶಕಾಂಡದ ಪ್ರಕಾರ ಬೀಜ ತೆಗೆಸಿದ ಅಂಥವನಿಗೆ ಸಭೆಯೊಳಗೆ ಪ್ರವೇಶವೇ ಇಲ್ಲ. ಅವನ ಸಂಗತಿಯೇ ಬೇರೆ, ನಿನ್ನದೇ ಬೇರೆ, ನಿಜ. ಆದರೂ ದಾರಿಯಲ್ಲಿ ನೀರು ಕಂಡಾಗ, ನನ್ನ ದೀಕ್ಷಾಸ್ನಾನಕ್ಕೆ ಅಡ್ಡಿ ಏನಿದೆ ಎಂದು ಅವನು ತನಗೆ ಸುವಾರ್ತೆ ತಿಳಿಸಿದ ಫಿಲಿಪ್ಪನನ್ನು ಕೇಳುತ್ತಾನೆ. ಮೊದಲು ನೀನು ಬೇರೆಯವನಾಗಿ ಬಾ ಅಂತ ಫಿಲಿಪ್ಪ ಹೇಳಲಿಲ್ಲ. ಇಬ್ಬರೂ ನೀರಿಗಿಳಿದರು. ಆಮೇಲೆ ಫಿಲಿಪ್ಪನೂ ಜೊತೆಗಿಲ್ಲದೆ ಆ ಮನುಷ್ಯ ಸಂತೋಷದಿಂದ ತನ್ನ ದಾರಿ ಹಿಡಿದ. ಇಷ್ಟು ವರ್ಷ ಸಂಡೇ ಸ್ಕೂಲಿನಲ್ಲಿ ಪಾಠ ಹೇಳಿದ ನನಗೆ ಇದಕ್ಕಿಂತ ಇಷ್ಟವಾದ ಭಾಗ ಇನ್ನೊಂದಿಲ್ಲ.

ಒಂಟಿಯಾಗಿ ಮಾತ್ರ ಇರಬೇಡ. ಪೆಂಟೆಕೋಸ್ಟಲ್ ಪಾಸ್ಟರ್ ಆಗಿದ್ದ ಟ್ರಾಯ್ ಪೆರ್ರಿಯವರನ್ನು, ಅವರೂ ನಿನ್ನ ಹಾಗೆಯೇ ಎಂಬ ಕಾರಣಕ್ಕೆ, ಅವರ ಸಭೆ ಹೊರಹಾಕಿತ್ತು. 1968ರಲ್ಲಿ ಲಾಸ್ ಏಂಜಲಿಸ್ ಪಕ್ಕದ ತಮ್ಮ ಮನೆಯಲ್ಲೇ ಅವರು ಆರಾಧನೆ ಇಟ್ಟಾಗ ಬಂದವರು 12 ಮಂದಿ. ಮೆಟ್ರೊಪಾಲಿಟನ್ ಕಮ್ಯುನಿಟಿ ಚರ್ಚ್ ಶುರುವಾದದ್ದು ಅಲ್ಲಿಂದ. ನಿನಗೆ ಅಷ್ಟು ಜನವೂ ಬೇಡ, ನಿನ್ನನ್ನು ಅರಿತ ಒಬ್ಬಿಬ್ಬರು ಸಾಕು. ದೇವರು ಬೇಡ ಎಂದು ಮುಂದೆ ನಿನಗೇ ಅನ್ನಿಸಿದರೂ ನಾನು ನಿನ್ನ ದೊಡ್ಡಮ್ಮನೇ.

ಅಮ್ಮ ಫೋನ್ ಮಾಡಿದರೆ ಎತ್ತು. ಮದುವೆ ಮಾತು ತೆಗೆದರೆ ಮಾತ್ರ, ಅವಳ ಕಣ್ಣೀರಿಗೆ ಕರಗಿ ಹೂಂ ಅನ್ನಬೇಡ. ಏನೂ ಅರಿಯದ ಒಬ್ಬ ಹುಡುಗಿಯ ಬದುಕು ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಮನೆಯಲ್ಲಿ ಉಸಿರು ಕಟ್ಟಿದಂತಾದರೆ ಇಲ್ಲಿಗೆ ಬಂದುಬಿಡು. ದೊಡ್ಡಪ್ಪನಿಗೆ ನಾನಿನ್ನೂ ಹೇಳಿಲ್ಲ, ನೀನು ಸರಿ ಅಂದರೆ ಮಾತ್ರ ಹೇಳುತ್ತೇನೆ.